ನದಿಯ ದಿಕ್ಕು: ಪುಣೆಯ ಸಂಗಮದಿಂದ ಭೀಮಾತೀರದವರೆಗೆ

ನದಿಯು ಸಮುದ್ರವನ್ನು ಸೇರುತ್ತದೆ ಎಂಬುದು ನಮ್ಮ ಕಾವ್ಯಪರಂಪರೆಗೆ ಚಿರಪರಿಚಿತವಾದ ಉಪಮಾನ. ಆದರೆ ಯಾವ ಸಮುದ್ರವನ್ನು, ಏಕೆ ಎಂಬ ಪ್ರಶ್ನೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಕೇಳಿಕೊಳ್ಳುವುದು ವಿರಳ. ಈ ಪ್ರಶ್ನೆಯ ವಿವೇಚನೆಗೆ ಪುಣೆ ಉತ್ತಮ ನಿದರ್ಶನವಾಗಿದೆ. ಆ ನಗರದಿಂದ ಅರಬ್ಬೀ ಸಮುದ್ರವು ನೇರ ಗೆರೆಯಲ್ಲಿ ಸುಮಾರು 100 ಕಿ.ಮೀ. ದೂರದಲ್ಲಿದೆ. ಆದರೂ ಅಲ್ಲಿ ಸಂಗಮಿಸುವ ಮುಳಾ ಮತ್ತು ಮುಠಾ ನದಿಗಳು ಅತ್ತ ತಿರುಗದೆ ಪೂರ್ವಕ್ಕೆ ಹರಿದು ಭೀಮೆಯನ್ನು ಸೇರುತ್ತವೆ. ಭೀಮೆಯು ಸೊಲ್ಲಾಪುರ ಜಿಲ್ಲೆಯನ್ನು ಹಾಯ್ದು, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ನೆಲವನ್ನು ತಣಿಸಿ, ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಒಂದಾಗುತ್ತದೆ. ಹೀಗೆ ಪುಣೆಯ ನೀರು ಸಾವಿರ ಕಿ.ಮೀ.ಗೂ ಹೆಚ್ಚಿನ ದಾರಿಯನ್ನು ಸವೆಸಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ.

ನದಿಗೆ ದಿಕ್ಕುಗಳ ಅರಿವಿಲ್ಲ. ಅದು ಬಲ್ಲದ್ದು ಇಳಿಜಾರನ್ನು ಮಾತ್ರ. ಭೂಪಟದಲ್ಲಿ ಉತ್ತರವು ಮೇಲಿರುವುದರಿಂದ ಉತ್ತರಾಭಿಮುಖವಾದ ಹರಿವು ಅಸಹಜವೆಂದು ತೋರಬಹುದು. ಆದರೆ ಅದು ಕಾಗದದ ಮೇಲಿನ ಒಪ್ಪಂದವಷ್ಟೆ. ತುಂಗಭದ್ರೆಯು ತನ್ನ ದಾರಿಯ ಬಹುಭಾಗವನ್ನು ಉತ್ತರಕ್ಕೂ ಈಶಾನ್ಯಕ್ಕೂ ಮುಖಮಾಡಿ ಕ್ರಮಿಸುತ್ತದೆ. ಸಮುದ್ರದ ಸಾಮೀಪ್ಯವೂ ನಿರ್ಣಾಯಕವಲ್ಲ. ಹೆಂಚಿನ ಮನೆಯ ಮಾಡಿನ ನೆತ್ತಿಯ ಮೇಲೆ ಬಿದ್ದ ಮಳೆಹನಿಗಳಲ್ಲಿ ಕೆಲವು ಅಂಗಳಕ್ಕೂ ಕೆಲವು ಹಿತ್ತಿಲಿಗೂ ಇಳಿಯುವಂತೆ, ಸಹ್ಯಾದ್ರಿಯ ನೆತ್ತಿಯು ನೀರನ್ನು ಎರಡಾಗಿ ಹಂಚುತ್ತದೆ. ಈ ಗೆರೆಯನ್ನೇ ಜಲವಿಭಾಜಕ ಎನ್ನುತ್ತಾರೆ. ಮುಳಾ, ಮುಠಾ, ಭೀಮಾ ಮೂರೂ ಈ ಗೆರೆಯ ಮೂಡಣ ಪಕ್ಕದಲ್ಲಿ ಹುಟ್ಟುತ್ತವೆ. ಆದುದರಿಂದಲೇ ಸಮೀಪದ ಕಡಲು ಅವಕ್ಕೆ ದೂರವಾಗಿದೆ.

ಈ ನೆತ್ತಿಯು ಪಶ್ಚಿಮದ ಅಂಚಿನಲ್ಲಿಯೇ ಏಕಿದೆ? ಇದಕ್ಕೆ ಉತ್ತರ ಭೂಮಿಯ ಇತಿಹಾಸದಲ್ಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರುಪದರಾಗಿ ಹರಿದು ದಖನ್ನಿನ ಕಪ್ಪುಕಲ್ಲಿನ ನೆಲ ರೂಪುಗೊಂಡಿತು. ಅನಂತರ ಭಾರತದ ಪಡುವಣ ಪಕ್ಕದಿಂದ ಸೇಶೆಲ್ಸ್ ದ್ವೀಪಗಳ ನೆಲ ಬೇರ್ಪಟ್ಟಿತು. ಒಡೆದ ಅಂಚು ಮೇಲೆದ್ದು, ಪ್ರಸ್ಥಭೂಮಿಯು ಪೂರ್ವಕ್ಕೆ ವಾಲಿತು. ಪಶ್ಚಿಮಕ್ಕೆ ಕಡಿದಾದ ಘಟ್ಟ, ಪೂರ್ವಕ್ಕೆ ನಿಧಾನವಾದ ಇಳುಕಲು ಉಳಿದವು. ಸುಮಾರು 560 ಮೀಟರ್ ಎತ್ತರದ ಪುಣೆಯಿಂದ ಕೃಷ್ಣಾ ಸಂಗಮದವರೆಗೆ ನೀರು ಇಳಿಯುವುದು ಇನ್ನೂರು ಮೀಟರಿಗಿಂತ ತುಸು ಹೆಚ್ಚು ಮಾತ್ರ. ಆದರೆ ಈ ಗೆರೆ ಶಾಶ್ವತವಲ್ಲ. ಕೊಂಕಣದ ಕಡಿದಾದ ತೊರೆಗಳು ಘಟ್ಟವನ್ನು ಹಿಂದಕ್ಕೆ ಕೊರೆಯುತ್ತ, ಜಲವಿಭಾಜಕವನ್ನು ಪೂರ್ವಕ್ಕೆ ಸರಿಸುತ್ತಿವೆ. ನೆಲದ ಬಿರುಕುಗಳಿಗೂ ಇಲ್ಲಿ ಪಾತ್ರವುಂಟು: ನರ್ಮದೆಯು ಅಂತಹ ತಗ್ಗನ್ನು ಹಿಡಿದೇ ಪಶ್ಚಿಮಕ್ಕೆ ಹರಿಯುತ್ತದೆ.

ಕನ್ನಡದ ಅಧ್ಯಯನಕ್ಕೂ ಈ ವಿಚಾರಕ್ಕೂ ಸಂಬಂಧವುಂಟು. ಕವಿರಾಜಮಾರ್ಗವು ಕನ್ನಡ ನಾಡನ್ನು ಕಾವೇರಿ ಗೋದಾವರಿಗಳ ನಡುವೆ ಗುರುತಿಸಿತು; ಭೀಮೆಯ ಇಡೀ ಕಣಿವೆ ಈ ಎಲ್ಲೆಯ ಒಳಗಿನದು. ನೀರು ಇಳಿಜಾರನ್ನು ಮಾತ್ರ ಅನುಸರಿಸಿದರೆ, ಭಾಷೆಯು ನದೀತೀರವನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ನಡೆದಿದೆ. ಭೀಮಾ ಮತ್ತು ಸೀನಾ ನದಿಗಳು ಕೂಡುವ ಸೊಲ್ಲಾಪುರ ಜಿಲ್ಲೆಯ ಸ್ಥಳಕ್ಕೆ ಕೂಡಲ ಎಂಬ ಹೆಸರಿದೆ. ಕೃಷ್ಣಾ ಮಲಪ್ರಭೆಗಳ ಕೂಡಲಸಂಗಮವನ್ನು ಬಲ್ಲ ನಮಗೆ ‘ಕೂಡು’ ಧಾತುವಿನ ಈ ಪದ ಅಪರಿಚಿತವಲ್ಲ. ಅದೇ ಸ್ಥಳದಲ್ಲಿ 1018ರ ಮರಾಠಿ ಶಾಸನವೂ ದೊರೆತಿರುವುದು ಗಮನಾರ್ಹ. ಪಂಢರಪುರದಲ್ಲಿ ಹೊಯ್ಸಳ ಸೋಮೇಶ್ವರನ 1237ರ ಶಾಸನವಿದೆ. ಎರಡು ನುಡಿಗಳು ಬೆರೆತ ಈ ಕಣಿವೆಯಲ್ಲಿ ನದಿಯು ಗಡಿಯಾಗಿರುವುದಕ್ಕಿಂತ ದಾರಿಯಾಗಿದ್ದುದೇ ಹೆಚ್ಚು.

ಇಪ್ಪತ್ತನೆಯ ಶತಮಾನದಲ್ಲಿ ನದಿಯ ದಿಕ್ಕನ್ನು ನಿರ್ಧರಿಸುವ ಮತ್ತೊಂದು ಶಕ್ತಿ ಪ್ರವೇಶಿಸಿತು. ಘಟ್ಟದ ನೆತ್ತಿಯ ಬಳಿ ಅಣೆಕಟ್ಟು ಕಟ್ಟಿ, ಪೂರ್ವಕ್ಕೆ ಹರಿಯಬೇಕಾದ ನೀರನ್ನು ಪಶ್ಚಿಮಕ್ಕೆ ಧುಮುಕಿಸಿದರೆ ವಿದ್ಯುತ್ತು ದೊರೆಯುತ್ತದೆ. ಟಾಟಾ ಸಂಸ್ಥೆಯ ಖೋಪೋಲಿ ವಿದ್ಯುದಾಗಾರ 1915ರಲ್ಲಿಯೂ ಭೀರಾ ವಿದ್ಯುದಾಗಾರ 1927ರಲ್ಲಿಯೂ ಆರಂಭವಾದವು. ಪುಣೆ ಜಿಲ್ಲೆಯ ಮುಳಶಿಯಲ್ಲಿ ಮುಳಾ ನದಿಗೆ ಕಟ್ಟಿದ ಅಣೆಕಟ್ಟಿನ ನೀರು ಸುಮಾರು 500 ಮೀಟರ್ ಕೆಳಗಿನ ಭೀರಾಕ್ಕೆ ಇಳಿದು, ಕುಂಡಲಿಕಾ ನದಿಯ ಮೂಲಕ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನೆಲ ಕಳೆದುಕೊಳ್ಳಲಿದ್ದ ರೈತರು 1921ರಲ್ಲಿ ಸೇನಾಪತಿ ಬಾಪಟರ ನಾಯಕತ್ವದಲ್ಲಿ ಸತ್ಯಾಗ್ರಹ ಹೂಡಿದರು. ಆದರೂ ಅಣೆಕಟ್ಟು ನಿಂತಿತು. ಮುಂದೆ ಕೊಯ್ನಾ ನದಿಯ ನೀರೂ ಇದೇ ರೀತಿ ಪಶ್ಚಿಮಕ್ಕೆ ತಿರುಗಿತು. ಕೃಷ್ಣಾ ಜಲವಿವಾದದಲ್ಲಿ 1973ರಲ್ಲಿ ತೀರ್ಪು ನೀಡಿದ ಬಚಾವತ್ ನ್ಯಾಯಾಧಿಕರಣವು ಇಂತಹ ತಿರುವಿಗೆ ಮಿತಿಯನ್ನು ಗೊತ್ತುಪಡಿಸಬೇಕಾಯಿತು.

ಲಾವಾ, ಬಿರುಕು, ಇಳಿಜಾರುಗಳು ಕೋಟ್ಯಂತರ ವರ್ಷಗಳಲ್ಲಿ ನಿರ್ಧರಿಸಿದ್ದನ್ನು ಮನುಷ್ಯನು ಕೆಲವೇ ವರ್ಷಗಳಲ್ಲಿ ತಿದ್ದಬಲ್ಲನು. ಆದರೆ ಪ್ರಕೃತಿಯ ನಿರ್ಧಾರವನ್ನು ನಂಬಿ ಊರುಗಳು, ಹೊಲಗಳು, ಕ್ಷೇತ್ರಗಳು ಬೆಳೆದಿವೆ. ಮೇಲಣವರು ತಿರುಗಿಸಿದ ನೀರಿನ ಕೊರತೆಯನ್ನೂ ಒಮ್ಮೆಲೇ ಹರಿಯಬಿಟ್ಟ ನೆರೆಯ ಭಾರವನ್ನೂ ನಗರದ ಕೊಳೆಯನ್ನೂ ಉಣ್ಣುವವರು ಕೆಳಗಣವರು. ಇಂಡಿ, ಅಫಜಲಪುರ, ಗಾಣಗಾಪುರಗಳ ಭೀಮೆಯನ್ನು ಅರಿಯಬೇಕಾದವರು ಪುಣೆಯ ಘಟ್ಟಗಳನ್ನೂ ಓದಬೇಕು. ಹಾಗೆಯೇ ಪುಣೆಯಲ್ಲಿ ನೀರಿನ ಲೆಕ್ಕ ಬರೆಯುವವರು ಈ ಊರುಗಳ ಹೆಸರನ್ನು ತಿಳಿದಿರಬೇಕು.