ಇ-ಮೇಲ್ ಸರ್ವರಿನ ಅಸ್ವಾಸ್ಥ್ಯ: ನಿದಾನ ಮತ್ತು ಚಿಕಿತ್ಸೆ

ಜ್ವರ ಬಂದವನಿಗೆ ರೋಗವಾವುದೆಂದು ತಿಳಿಯುವ ಮೊದಲೇ ಮೂರು ಬಗೆಯ ಔಷಧಗಳನ್ನು ಕುಡಿಸುವುದು ಎಷ್ಟು ಅಪಾಯಕರವೋ, ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಿದೊಡನೆ ಕೆಟ್ಟು ನಿಂತ ಇ-ಮೇಲ್ ಸರ್ವರಿನ ಮೇಲೆ ತೋಚಿದ ಉಪಾಯಗಳನ್ನೆಲ್ಲ ಪ್ರಯೋಗಿಸುವುದೂ ಅಷ್ಟೇ ಅಪಾಯಕರ. ಬರಬೇಕಾದ ಪತ್ರಗಳಲ್ಲಿ ಒಬ್ಬರ ನೌಕರಿಯ ಆದೇಶವಿರಬಹುದು, ಮತ್ತೊಬ್ಬರ ರಕ್ತಪರೀಕ್ಷೆಯ ವರದಿಯಿರಬಹುದು. ಆದ್ದರಿಂದ ಸರ್ವರನ್ನು ಎಬ್ಬಿಸುವುದಕ್ಕಿಂತ ಮುಂಚೆ ಪತ್ರಗಳನ್ನು ಉಳಿಸುವುದೇ ಪ್ರಥಮ ಕರ್ತವ್ಯ.

ಒಂದು ನಿದರ್ಶನವನ್ನು ನೋಡೋಣ. ಅನೇಕ ಸರ್ವರುಗಳಲ್ಲಿ ಎರಡು ತಂತ್ರಾಂಶಗಳು ಜೊತೆಯಾಗಿ ದುಡಿಯುತ್ತವೆ. ಪೋಸ್ಟ್‌ಫಿಕ್ಸ್ ಹೊರಗಿನಿಂದ ಪತ್ರಗಳನ್ನು ಬರಮಾಡಿಕೊಳ್ಳುತ್ತದೆ. ಡವ್‌ಕಾಟ್ ಅವುಗಳನ್ನು ಆಯಾ ಪೆಟ್ಟಿಗೆಯಲ್ಲಿಟ್ಟು ಓದುಗರಿಗೆ ಒದಗಿಸುತ್ತದೆ. 2025ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ 13ರಲ್ಲಿ ಡವ್‌ಕಾಟಿನ 2.3ರ ಸ್ಥಾನಕ್ಕೆ 2.4 ಬಂದಿತು. ಹಳೆಯ ಆವೃತ್ತಿಯ ಸೂಚನಾ ಕಡತವನ್ನು ಹೊಸದು ಒಪ್ಪುವುದಿಲ್ಲ. ಕಡತದ ಮೊದಲ ಸೂಚನೆಯೇ ಅದು ಯಾವ ಆವೃತ್ತಿಗೆ ಸೇರಿದುದೆಂದು ಹೇಳಬೇಕು. ಪತ್ರಗಳಿರುವ ಸ್ಥಳವನ್ನು ತಿಳಿಸುತ್ತಿದ್ದ ಒಂದೇ ಸೂಚನೆ ಈಗ ಸಂಗ್ರಹದ ಬಗೆ ಮತ್ತು ದಾರಿ ಎಂದು ಎರಡಾಗಿದೆ. ಇದನ್ನರಿಯದೆ ಮುಂದುವರಿದಲ್ಲಿ ಡವ್‌ಕಾಟ್ ಆರಂಭವಾಗುವುದೇ ಇಲ್ಲ.

ಲಕ್ಷಣಗಳು: ಯಾರಿಗೂ ತಮ್ಮ ಪೆಟ್ಟಿಗೆ ತೆರೆಯದು, ಪೋಸ್ಟ್‌ಫಿಕ್ಸಿನ ಸರದಿಯಲ್ಲಿ ಪತ್ರಗಳು ಬೆಳೆಯುತ್ತ ಹೋಗುತ್ತವೆ. ಇಲ್ಲಿ ಗಾಬರಿಗೆ ಕಾರಣವಿಲ್ಲ. ಒಪ್ಪಿಸಲಾಗದ ಪತ್ರವನ್ನು ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ 5 ದಿನಗಳವರೆಗೆ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆಮೇಲೆ ಮಾತ್ರ ಕಳುಹಿಸಿದವರಿಗೆ ಹಿಂದಿರುಗಿಸುತ್ತದೆ. ಸರದಿಯನ್ನು ಅಳಿಸಿಹಾಕುವುದು ಮಾತ್ರ ಮಹಾಪರಾಧ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸರ್ವರಿನ ಉತ್ತರ 4ರಿಂದ ಆರಂಭವಾದರೆ ಅದು ತಾತ್ಕಾಲಿಕ ನಿರಾಕರಣೆ. ಕಳುಹಿಸಿದ ಸರ್ವರು ಪುನಃ ಪ್ರಯತ್ನಿಸುತ್ತದೆ. 5ರಿಂದ ಆರಂಭವಾದರೆ ಶಾಶ್ವತ ನಿರಾಕರಣೆ, ಪತ್ರ ಹಿಂದಿರುಗುತ್ತದೆ. ಪೋಸ್ಟ್‌ಫಿಕ್ಸಿನ ‘ಸಾಫ್ಟ್ ಬೌನ್ಸ್’ ಎಂಬ ಸೂಚನೆಯನ್ನು ಜಾರಿಗೊಳಿಸಿದರೆ ಅದು ನೀಡುವ ಶಾಶ್ವತ ನಿರಾಕರಣೆಗಳು ತಾತ್ಕಾಲಿಕವಾಗುತ್ತವೆ. ದುರಸ್ತಿಯ ಕಾಲದಲ್ಲಿ ಇದು ಉತ್ತಮ ಪಥ್ಯ. ಗುಣವಾದ ಬಳಿಕ ತಪ್ಪದೆ ತೆಗೆಯಬೇಕು.

ಚಿಕಿತ್ಸೆಯ ಕ್ರಮ ಹೀಗಿರಲಿ:

1. ದಾಖಲೆಯ ಕಡತವನ್ನು, ಅಂದರೆ ಲಾಗನ್ನು, ಓದಿರಿ. ಕೊನೆಯ ದೋಷಕ್ಕಿಂತ ಮೊದಲನೆಯ ದೋಷವೇ ಸಾಮಾನ್ಯವಾಗಿ ಮೂಲವನ್ನು ತೋರುತ್ತದೆ.

2. ‘ಡವ್‌ಕಾನ್ಫ್’ ಎಂಬ ಸಾಧನದಿಂದ ಸೂಚನಾ ಕಡತವನ್ನು ಪರೀಕ್ಷಿಸಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ಬರೆದಿಡಿರಿ.

3. ಪರೀಕ್ಷೆಗಾಗಿ ಒಂದು ಪೆಟ್ಟಿಗೆಯನ್ನು ಮಾತ್ರ ತೆರೆದು ನೋಡಿರಿ. ಅದು ಖಾಲಿಯಾಗಿ ಕಂಡರೆ ಪತ್ರಗಳು ನಾಶವಾದುವೆಂದು ಭಾವಿಸಬಾರದು. ದಾರಿ ತಪ್ಪಾಗಿದ್ದರೆ ಡವ್‌ಕಾಟ್ ಬೇರೊಂದೆಡೆ ಹೊಸ ಪೆಟ್ಟಿಗೆಯನ್ನು ತೆರೆದಿರಬಹುದು. ಹಳೆಯ ಪತ್ರಗಳು ಹಳೆಯ ಸ್ಥಳದಲ್ಲಿಯೇ ಇರುತ್ತವೆ.

4. ಒಂದು ಪತ್ರ ಸರಿಯಾಗಿ ತಲುಪಿದ ನಂತರವೇ ಸರದಿಯಲ್ಲಿರುವ ಉಳಿದವನ್ನು ಬಿಡಿರಿ.

ಚಿಕಿತ್ಸೆಗಿಂತ ಮುನ್ನೆಚ್ಚರಿಕೆ ಲೇಸು. ಪತ್ರಗಳ ಮತ್ತು ಸೂಚನಾ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿ, ಹೊಸ ಆವೃತ್ತಿಯನ್ನು ಮೊದಲು ಬೇರೊಂದು ಯಂತ್ರದಲ್ಲಿ ಪ್ರಯೋಗಿಸಿ ನೋಡುವವನಿಗೆ ಇಂತಹ ರಾತ್ರಿಯ ಜಾಗರಣೆ ಬಹುತೇಕ ತಪ್ಪುತ್ತದೆ.