‘ಆ್ಯಂಡ್’ ಅಂದರೆ ಎರಡೂ, ಓನರ್ ಸಾಹೇಬರೇ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬಿಡುವಾಗ ಅಡ್ವಾನ್ಸ್ ವಾಪಸ್ ಪಡೆಯುವುದು ಎಂಥ ಕೆಲಸ ಎಂದು ಪಟ್ಟವರಿಗೆ ಗೊತ್ತು. ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಇಲ್ಲಿಯ ವಾಡಿಕೆ, ಅದಕ್ಕೆ ನನ್ನ ತಕರಾರಿಲ್ಲ. ನನ್ನ ಓನರ್ ಅದರ ಮೇಲೆ ಇನ್ನೊಂದು ತಿಂಗಳದ್ದು, ಅಂದರೆ 22,000 ರೂಪಾಯಿ, ಹಿಡಿದುಕೊಳ್ಳಲು ಹೊರಟದ್ದು ‘ಆ್ಯಂಡ್’ ಎಂಬ ಒಂದು ಪದವನ್ನು ಹಿಡಿದು. ಆ ದುಡ್ಡು ನನ್ನ ಕೈಗೆ ಬಂದದ್ದು ಅವರೇ ಬರೆದ ‘ಆಲ್ದೋ’ದಿಂದ. ಸರ್ಕಾರಿ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ಇಂಗ್ಲಿಷ್ ಪಾಠ ಮಾಡಿದವನು ನಾನು. ಕಂಜಂಕ್ಷನ್ ಎಂಬ ಅಧ್ಯಾಯವನ್ನು ಎರಡು ಅಂಕದ ಪ್ರಶ್ನೆಗೆ ಮೀರಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡದ್ದನ್ನು ನೋಡಿರಲಿಲ್ಲ.

ಅಗ್ರಿಮೆಂಟು ಎಲ್ಲರದಿದ್ದಂತೆ ಹನ್ನೊಂದು ತಿಂಗಳದ್ದು. 1908ರ ನೋಂದಣಿ ಕಾಯ್ದೆಯ ಪ್ರಕಾರ ವರ್ಷ ಮೀರಿದ ಗುತ್ತಿಗೆಯನ್ನು ರಿಜಿಸ್ಟರ್ ಮಾಡಿಸಲೇಬೇಕು, ಆ ಖರ್ಚು ಬೇಡವೆಂದು ಊರಿಗೆ ಊರೇ ಹನ್ನೊಂದಕ್ಕೆ ನಿಲ್ಲಿಸುತ್ತದೆ. ಸ್ಟ್ಯಾಂಪ್ ಪೇಪರ್ ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿದ್ದ ಹಳೆಯ ಪ್ರತಿಯಲ್ಲಿ ಹೆಸರು ಬದಲಿಸಿ ಪ್ರಿಂಟ್ ಕೊಟ್ಟ. ಅದರ ಆರನೇ ಷರತ್ತು ಹೀಗಿತ್ತು: ‘ಇಫ್ ದ ಟೆನೆಂಟ್ ವೆಕೇಟ್ಸ್ ಬಿಫೋರ್ ಇಲೆವೆನ್ ಮಂತ್ಸ್ ಆ್ಯಂಡ್ ವಿದೌಟ್ ಗಿವಿಂಗ್ ಟೂ ಮಂತ್ಸ್ ನೋಟೀಸ್, ಒನ್ ಮಂತ್ಸ್ ರೆಂಟ್ ಶಲ್ ಬಿ ಡಿಡಕ್ಟೆಡ್.’ ಅವಧಿಗೆ ಮುಂಚೆ ಬಿಡಬೇಕು, ನೋಟೀಸೂ ಕೊಟ್ಟಿರಬಾರದು. ಎರಡೂ ಕೂಡಿದರೆ ಮಾತ್ರ ದುಡ್ಡು ಹಿಡಿಯಬಹುದು. ಮಗನಿಗೆ ಪುಣೆಗೆ ವರ್ಗವಾಗಿ ನಾವು ಒಂಬತ್ತನೇ ತಿಂಗಳಿಗೆ ಮನೆ ಬಿಟ್ಟೆವು, ನಿಜ. ಆದರೆ ಎರಡು ತಿಂಗಳು ಮೊದಲೇ ನೋಟೀಸ್ ಬರೆದು ಓನರ್ ಕೈಗೇ ಕೊಟ್ಟಿದ್ದೆ. ಆಗ ಪಕ್ಕದಲ್ಲಿ ನಮ್ಮ ಭಾವನವರಿದ್ದರು. ಮನೆ ಹುಡುಕಿಕೊಟ್ಟವರೂ ಅವರೇ, ಓನರ್ ಜೊತೆ ಬೆಳಗಿನ ವಾಕಿಂಗ್ ಹೋಗುವವರೂ ಅವರೇ.

ಕೀಲಿಕೈ ಒಪ್ಪಿಸುವ ದಿನ ಓನರ್ ಮನೆಯ ಹಾಲಿನಲ್ಲಿ ಕೂತೆವು. ಟೀಪಾಯಿಯ ಮೇಲೆ ಅಗ್ರಿಮೆಂಟು, ಅದರ ಮೂಲೆ ಹಾರದಂತೆ ಇಟ್ಟ ಖಾರದ ಮಿಕ್ಸ್ಚರಿನ ಬಟ್ಟಲು. ಓನರ್ ಕೇಂದ್ರ ಸರ್ಕಾರದ ಯಾವುದೋ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಮೂವತ್ತು ವರ್ಷ ಇಂಗ್ಲಿಷಿನಲ್ಲೇ ಫೈಲ್ ಬರೆದವರು ಎಂದು ನಾವು ಮನೆ ನೋಡಲು ಹೋದ ದಿನವೇ ಹೇಳಿಕೊಂಡಿದ್ದರು.

“ಹನ್ನೊಂದು ತಿಂಗಳು ಇದ್ರಾ ಮೇಷ್ಟ್ರೇ?”

“ಇಲ್ಲ ಸಾರ್.”

“ಮತ್ತೆ? ಬಿಫೋರ್ ಇಲೆವೆನ್ ಮಂತ್ಸ್ ಅಂತ ಬರೆದಿದೆಯಲ್ಲ.”

“ಅದರ ಮುಂದೆ ಆ್ಯಂಡ್ ಅಂತಲೂ ಬರೆದಿದೆ ಸಾರ್. ನೋಟೀಸ್ ಕೊಡದೆ ಬಿಟ್ಟಿದ್ರೆ ತಾನೇ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಆ್ಯಂಡ್ ಅಂದ್ರೆ ಅದೂ ಸರಿ, ಇದೂ ಸರಿ ಅಂತ. ಎರಡು ಕಾರಣ ಕೊಟ್ಟಿದೀನಿ. ಯಾವುದು ಬೇಕಾದ್ರೂ ಸಾಕು.”

“ಅದಕ್ಕೆ ಆರ್ ಹಾಕಬೇಕಿತ್ತು.”

“ನನಗೆ ಇಂಗ್ಲಿಷ್ ಹೇಳಿಕೊಡ್ತೀರಾ?”

ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ನಾನು ಪಾಠಕ್ಕೆ ಇಳಿದೆ. ಹೆಲ್ಮೆಟ್ ಇಲ್ಲದೆ ಮತ್ತು ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದರೆ ಇಷ್ಟು ದಂಡ ಎಂದು ಬರೆದಿದ್ದರೆ, ಹೆಲ್ಮೆಟ್ ಹಾಕಿಕೊಂಡವನಿಗೆ ಆ ದಂಡ ಬೀಳುತ್ತದೆಯೇ ಎಂದು ಕೇಳಿದೆ. ಒಳಗಿನಿಂದ ಅವರ ಮನೆಯವರು ಬಂದು ಬಾಗಿಲಲ್ಲಿ ನಿಂತರು. ಓನರ್ ಮುಖ ಕೆಂಪಾಯಿತು. ಷರತ್ತಿನ ಮೇಲೆ ಬೆರಳಿಟ್ಟು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡರು, ತುಟಿ ಅಲ್ಲಾಡುತ್ತಿತ್ತು. ಅರ್ಥ ಹೊಳೆಯಿತು ಅಂತ ನನಗೆ ಗೊತ್ತಾಯಿತು. ಹೊಳೆದ ಮೇಲೇ ಅವರು ಆ ಮಾತು ಆಡಿದ್ದು.

“ಹಾಗಾದ್ರೆ ನೋಟೀಸ್ ಎಲ್ಲಿ? ನನಗೆ ಬಂದೇ ಇಲ್ಲ.”

ನಾನು ಭಾವನ ಕಡೆ ತಿರುಗಿದೆ. ಭಾವ ಮಿಕ್ಸ್ಚರಿನ ಬಟ್ಟಲಿಗೆ ಕೈಹಾಕಿ ಕಡಲೆಬೀಜವನ್ನೇ ಆರಿಸಿ ಆರಿಸಿ ತಿನ್ನುತ್ತಿದ್ದರು. “ಭಾವ, ನೀವೇ ಇದ್ರಲ್ಲ,” ಅಂದೆ. “ಏನೋಪ್ಪ, ಏನೋ ಒಂದು ಕಾಗದ ಕೊಟ್ಟ ಹಾಗಿತ್ತು, ನಾನು ಓದಿಲ್ಲ,” ಅಂದರು. ಕೈಯಲ್ಲಿ ಕೊಟ್ಟ ಕಾಗದಕ್ಕೆ ಸಹಿ ಹಾಕಿಸಿಕೊಳ್ಳದೆ ಇದ್ದದ್ದೂ ಇದೇ ಭಾವನ ಮುಲಾಜಿಗೆ. “ದೊಡ್ಡ ಮನುಷ್ಯರು ಕಣಯ್ಯಾ, ಅವರ ಹತ್ತಿರ ಅಕ್ನಾಲೆಡ್ಜ್‌ಮೆಂಟ್ ಕೇಳ್ತಾರಾ?” ಎಂದು ನನ್ನನ್ನು ತಡೆದಿದ್ದರು. ದಾರಿಯುದ್ದಕ್ಕೂ ಬೈಗುಳ ಬೇರೆ: “ನಿಂದೊಂದು ಹಠ. ದುಡ್ಡು ಹೋದ್ರೆ ಹೋಯ್ತು, ಸ್ನೇಹ ಕೆಡಿಸಿದೆ.” ಸ್ನೇಹ ಅವರದು, ದುಡ್ಡು ನನ್ನದು.

ಅಕ್ಕನ ಮಗ ಕಾನೂನು ಓದುತ್ತಾನೆ. ಅವನಿಗೆ ಫೋನ್ ಮಾಡಿದರೆ ಧೈರ್ಯ ಹೇಳುವ ಬದಲು ಹೆದರಿಸಿದ. “ಮಾವ, ಆ್ಯಂಡ್ ಅಂದ್ರೆ ಎರಡೂ ಅಂತ ಅಷ್ಟು ಖಂಡಿತವಾಗಿ ಹೇಳಬೇಡಿ. ಅಮೆರಿಕದ ಸುಪ್ರೀಂ ಕೋರ್ಟೇ ಇದರಲ್ಲಿ ಎರಡಾಗಿದೆ.” 2024ರ ಪಲ್ಸಿಫರ್ ಪ್ರಕರಣವಂತೆ. ಮಾದಕವಸ್ತು ಕೇಸುಗಳಲ್ಲಿ ಕನಿಷ್ಠ ಶಿಕ್ಷೆಯಿಂದ ವಿನಾಯಿತಿ ಬೇಕಾದರೆ ಆರೋಪಿಗೆ ಹಳೆಯ ಅಪರಾಧಗಳ ಕುರಿತ ಎ, ಬಿ, ಆ್ಯಂಡ್ ಸಿ ‘ಇರಬಾರದು’ ಎನ್ನುತ್ತದೆ 2018ರ ಅವರ ಕಾನೂನು. ಮೂರೂ ಒಟ್ಟಿಗೆ ಇದ್ದರೆ ಮಾತ್ರ ವಿನಾಯಿತಿ ತಪ್ಪಬೇಕೆಂದು ಪಲ್ಸಿಫರ್ ವಾದ. ಒಂದಿದ್ದರೂ ತಪ್ಪುತ್ತದೆ ಎಂದು ಆರು ನ್ಯಾಯಮೂರ್ತಿಗಳ ಪರವಾಗಿ ಎಲೆನಾ ಕೇಗನ್ ಬರೆದರು. ನೀಲ್ ಗೋರ್ಸಚ್ ಸೇರಿ ಮೂವರು ಒಪ್ಪಲಿಲ್ಲ.

ಅದನ್ನು ಕೇಳಿ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಹೊಳೆಯಿತು: ಅಲ್ಲಿ ಗೊಂದಲಕ್ಕೆ ಕಾರಣ ಬರೀ ‘ಆ್ಯಂಡ್’ ಅಲ್ಲ, ಅದಕ್ಕಿಂತ ಮುಂಚೆ ಬಂದು ಮೂರನ್ನೂ ಆವರಿಸಿಕೊಂಡ ‘ನಾಟ್’. ದಿನದ ಮಾತಿನಲ್ಲೇ ನೋಡಿ. ‘ಡೋಂಟ್ ಡ್ರಿಂಕ್ ಆ್ಯಂಡ್ ಡ್ರೈವ್’ ಅಂದರೆ ಬೇಡವೆಂದದ್ದು ಎರಡೂ ಕೂಡಿದ್ದನ್ನು. ಕುಡಿಯದವನು ಗಾಡಿ ಓಡಿಸಬಹುದು. ‘ಐ ಆ್ಯಮ್ ನಾಟ್ ಫ್ರೀ ಆನ್ ಸ್ಯಾಟರ್‌ಡೇ ಆ್ಯಂಡ್ ಸಂಡೇ’ ಅಂದರೆ ಶನಿವಾರವೂ ಇಲ್ಲ, ಭಾನುವಾರವೂ ಇಲ್ಲ. ವಾಕ್ಯದ ಕಟ್ಟು ಒಂದೇ, ಅರ್ಥ ಎರಡು. ನನ್ನ ಆರನೇ ಷರತ್ತಿನಲ್ಲಿ ಹಾಗೆ ಇಡೀ ವಾಕ್ಯವನ್ನು ಆವರಿಸುವ ‘ನಾಟ್’ ಇರಲೇ ಇಲ್ಲ. ಹಾಗಾಗಿ ನನ್ನ ಓದೇ ಸರಿ. ಈಗಲೂ ಅದನ್ನೇ ಹೇಳುತ್ತೇನೆ.

ಆದರೆ ನೋಟೀಸ್ ಕೊಟ್ಟದ್ದಕ್ಕೆ ಸಾಕ್ಷಿ ಬೇಕಲ್ಲ. ಅದನ್ನು ಒದಗಿಸಿದವರು ಓನರೇ. ನಾನು ವಾಟ್ಸ್ಆ್ಯಪ್‌ನಲ್ಲಿ ಲೆಕ್ಕ ಕೇಳಿದೆ, ಇಂಗ್ಲಿಷಿನಲ್ಲಿ, ಬೇಕೆಂದೇ. ಅವರ ಉತ್ತರ: ‘ಆಲ್ದೋ ಯು ಗೇವ್ ಟೂ ಮಂತ್ಸ್ ನೋಟೀಸ್, ಬಟ್ ಯು ವೆಕೇಟೆಡ್ ಬಿಫೋರ್ ಇಲೆವೆನ್ ಮಂತ್ಸ್, ಸೋ ಐ ಆ್ಯಮ್ ಡಿಡಕ್ಟಿಂಗ್.’

‘ಆಲ್ದೋ’ ಇದ್ದಲ್ಲಿ ‘ಬಟ್’ ಹಾಕಬಾರದೆಂದು ಎಷ್ಟು ಮಕ್ಕಳ ಪುಸ್ತಕದಲ್ಲಿ ಕೆಂಪು ಗೀಟು ಎಳೆದಿದ್ದೇನೋ. ನಾವು ಹಾಗೆ ಬರೆಯುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ಎರಡು ಉಪವಾಕ್ಯ ಕೂಡುವುದು ನಡುವಿನಲ್ಲಿ: ನೋಟೀಸ್ ಕೊಟ್ಟರೂ, ಬೇಗ ಬಿಟ್ಟಿರಿ. ಆ ‘ರೂ’ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ಸರಿಯಾಗಿ ಕೂಡುವ ಜಾಗದಲ್ಲಿದೆ. ಇಂಗ್ಲಿಷಿನಲ್ಲಿ ‘ಆಲ್ದೋ’ ಮೊದಲಿಗೇ ಹೋಗಿ ಕೂತುಬಿಡುತ್ತದೆ, ನಡುವೆ ಉಳಿಯುವುದು ಒಂದು ಅಲ್ಪವಿರಾಮ. ನಮ್ಮ ಕಿವಿಗೆ ಅಲ್ಲಿ ಏನೋ ಖಾಲಿ ಅನ್ನಿಸಿ ‘ಬಟ್’ ತುಂಬುತ್ತೇವೆ. ‘ಬಿಕಾಸ್’ ಜೊತೆ ‘ಸೋ’ ಸೇರಿಸುವುದೂ ಹೀಗೆಯೇ. ಮಾತಿನಲ್ಲಿ ಯಾರೂ ಗಮನಿಸುವುದಿಲ್ಲ, ದನಿಯ ಏರಿಳಿತವೇ ಕೂಡಿಸುವ ಕೆಲಸ ಮಾಡುತ್ತದೆ. ಬರಹದಲ್ಲಿ ಎದ್ದು ಕಾಣುತ್ತದೆ.

ನನಗೆ ಬೇಕಾದದ್ದು ಆ ‘ಬಟ್’ ಅಲ್ಲ. ‘ಆಲ್ದೋ’ ಎಂದವನು ಮುಂದಿನ ಸಂಗತಿ ನಡೆದದ್ದು ನಿಜವೆಂದು ಒಪ್ಪಿಕೊಂಡೇ ಮಾತಾಡುತ್ತಾನೆ. ‘ಈವನ್ ಇಫ್ ಯು ಗೇವ್ ನೋಟೀಸ್’ ಎಂದು ಬರೆದಿದ್ದರೆ ಓನರ್ ಬಚಾವ್. ಕೊಟ್ಟಿದ್ದೀರೋ ಇಲ್ಲವೋ, ಕೊಟ್ಟಿದ್ದೀರಿ ಅಂತಲೇ ಇಟ್ಟುಕೊಳ್ಳೋಣ ಎಂದಾಗುತ್ತಿತ್ತು. ಕನ್ನಡದ ‘ಕೊಟ್ಟರೂ’ ಈ ಎರಡಕ್ಕೂ ಒದಗುತ್ತದೆ, ಒಪ್ಪಿಗೆಯೋ ಊಹೆಯೋ ಎಂಬುದನ್ನು ಸಂದರ್ಭಕ್ಕೆ ಬಿಡುತ್ತದೆ. ಇಂಗ್ಲಿಷ್ ಬಿಡುವುದಿಲ್ಲ. ಮೂವತ್ತು ವರ್ಷ ಫೈಲ್ ಬರೆದವರಿಗೆ ಇದು ಗೊತ್ತಿರಬೇಕಿತ್ತು.

ಆ ಮೆಸೇಜಿನ ಸ್ಕ್ರೀನ್‌ಶಾಟನ್ನು ಆರನೇ ಷರತ್ತಿನ ಫೋಟೋ ಜೊತೆ ಅವರಿಗೇ ಕಳಿಸಿ, ವಕೀಲರಿಗೆ ತೋರಿಸಲೇ ಎಂದು ಮಾತ್ರ ಕೇಳಿದೆ. ಉತ್ತರ ಬರಲಿಲ್ಲ, ದುಡ್ಡು ಬಂತು. ಆಮೇಲೊಂದು ಸಾಲು: ‘ಸಿನ್ಸ್ ಯು ಲೆಫ್ಟ್, ದ ಹೌಸ್ ಈಸ್ ವೇಕೆಂಟ್.’ ನಾನು ಬಿಟ್ಟಂದಿನಿಂದ ಖಾಲಿಯೋ, ಬಿಟ್ಟದ್ದರಿಂದ ಖಾಲಿಯೋ? ಕೇಳಲು ಹೋಗಲಿಲ್ಲ.

ಬೇರೆಯವರಿಗೆ ಹೇಳುವುದು ಇಷ್ಟೇ. ಸಹಿ ಹಾಕುವ ಮುಂಚೆ ಪ್ರತಿ ‘ಆ್ಯಂಡ್’, ‘ಆರ್’ ಹತ್ತಿರ ನಿಂತು, ಒಂದಾದರೆ ಸಾಕೋ ಎರಡೂ ಬೇಕೋ ಎಂದು ಜೋರಾಗಿ ಕೇಳಿ. ‘ಬೋತ್’, ‘ಈದರ್’ ಸೇರಿಸಿ ಬರೆಸಿ. ಅಲ್ಪವಿರಾಮವನ್ನೂ ನೋಡಿ. ಅಮೆರಿಕದ ಮೇನ್ ರಾಜ್ಯದಲ್ಲಿ ಡೈರಿಯೊಂದರ ಚಾಲಕರು ಓವರ್‌ಟೈಮ್ ಕಾನೂನಿನ ಒಂದು ‘ಆರ್’ ಹಿಂದೆ ಅಲ್ಪವಿರಾಮ ಇಲ್ಲದ್ದನ್ನೇ ಹಿಡಿದು 2017ರಲ್ಲಿ ಮೇಲ್ಮನವಿ ಗೆದ್ದರು, ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು. ಮತ್ತೆ, ನೋಟೀಸಿಗೆ ಸಹಿ ಹಾಕಿಸಿಕೊಳ್ಳಿ, ಪಕ್ಕದಲ್ಲಿ ಯಾವ ಭಾವ ನಿಂತಿದ್ದರೂ.

ಭಾವ ಎರಡು ಹಬ್ಬಕ್ಕೆ ಮಾತು ಬಿಟ್ಟಿದ್ದರು. ಮೊನ್ನೆ ಫೋನ್ ಮಾಡಿದರು: ಮಗ ಸ್ನೇಹಿತರ ಜೊತೆ ಮನೆ ಮಾಡುತ್ತಿದ್ದಾನಂತೆ, ಅಗ್ರಿಮೆಂಟ್ ಕಳಿಸಿದ್ದೇನೆ, ಸುಮ್ಮನೆ ಒಂದು ಸಲ ಕಣ್ಣಾಡಿಸು ಅಂದರು. ಒಂಬತ್ತನೇ ಷರತ್ತು ‘ಅನ್‌ಲೆಸ್ ದ ಟೆನೆಂಟ್ ಡಸ್ ನಾಟ್ ಪೇ’ ಎಂದು ಶುರುವಾಗುತ್ತದೆ. ಕಾನೂನು ಓದುವ ಹುಡುಗ ಅದಕ್ಕೆ ಆಗಲೇ ಸಹಿ ಹಾಕಿದ್ದಾನೆ.