ವಿಷಯವಾರು ವರ್ತನಾ ವರದಿ: ಅಭ್ಯಾಸ ಬೋಧನೆಯ ಒಂದು ಅನುಭವ

ಹಿನ್ನೆಲೆ

ಯಲಹಂಕದ ಒಂದು ಆಂಗ್ಲ ಮಾಧ್ಯಮ ಪ್ರೌಢಶಾಲೆಯಲ್ಲಿ ನನ್ನ ಅಭ್ಯಾಸ ಬೋಧನೆ ನಡೆಯಿತು. 8ನೇ ತರಗತಿಯ ಒಂದೇ ವಿಭಾಗಕ್ಕೆ ವಿಜ್ಞಾನ, ಗಣಿತ ಎರಡನ್ನೂ ನಾನೇ ಬೋಧಿಸುತ್ತಿದ್ದೆ. ಸರ್ಕಾರದ ಎಸ್‌ಎಟಿಎಸ್ ಅಲ್ಲದೆ ಈ ಶಾಲೆಗೆ ತನ್ನದೇ ಆದ ನಿರ್ವಹಣಾ ತಂತ್ರಾಂಶವೂ ಇದೆ. ಅವಧಿ ಮುಗಿದ ಮೇಲೆ ವಿದ್ಯಾರ್ಥಿಯ ವರ್ತನೆಯ ಬಗ್ಗೆ ಅದರಲ್ಲಿ ಟಿಪ್ಪಣಿ ನಮೂದಿಸಬಹುದು. ದಿನಾಂಕ, ಅವಧಿ, ವಿಷಯ ತಾವಾಗಿಯೇ ಸೇರಿಕೊಳ್ಳುತ್ತವೆ.

ಸಮಸ್ಯೆ

ಮೂರು ವಾರಗಳಲ್ಲಿ ಒಬ್ಬ ಹುಡುಗನ ಹೆಸರಿನಲ್ಲಿ 9 ಟಿಪ್ಪಣಿಗಳಾದವು. ಹೆಚ್ಚಿನವು ನಾನೇ ಬರೆದವು: "ಮಾತನಾಡುತ್ತಾನೆ", "ಗಮನವಿಲ್ಲ", "ಗಲಾಟೆ". ಶನಿವಾರ ಪೋಷಕರ ಸಭೆಯಿತ್ತು. ಅವನ ತಂದೆ ಗಾರೆ ಕೆಲಸದವರು, ಒಂದು ದಿನದ ಕೂಲಿ ಬಿಟ್ಟು ಬರಬೇಕಾದವರು. ಅವರ ಕೈಗೆ ಈ ಪಟ್ಟಿಯ ಪ್ರಿಂಟ್ ಕೊಡುವುದೆಂದು ತೀರ್ಮಾನವಾಗಿತ್ತು. ಹಾಳೆ ನೋಡಿದ ಕನ್ನಡ ಮೇಡಂ, "ನನ್ನ ಪಿರಿಯಡ್‌ನಲ್ಲಿ ಹೀಗಿಲ್ವಲ್ಲಮ್ಮ. ವಿಷಯವಾರು ತೆಗೆದು ನೋಡು" ಎಂದರು.

ಕಂಡುಬಂದದ್ದು

ವಿಜ್ಞಾನ – 7
ಗಣಿತ – 1
ಸಮಾಜ ವಿಜ್ಞಾನ – 1
ಉಳಿದ ವಿಷಯಗಳು – 0

ಸೊನ್ನೆ ಎಂದರೆ ತೊಂದರೆಯೇ ಇಲ್ಲ ಎಂದಲ್ಲ. ಕೆಲವು ಶಿಕ್ಷಕರು ಟಿಪ್ಪಣಿ ಬರೆಯುವುದೇ ಅಪರೂಪ. ಹಾಗಾಗಿ ಬೇರೆ ಬೇರೆ ಶಿಕ್ಷಕರ ಸಂಖ್ಯೆಗಳನ್ನು ಹೋಲಿಸುವುದು ಸರಿಯಲ್ಲ. ಆದರೆ ವಿಜ್ಞಾನ, ಗಣಿತ ಎರಡಕ್ಕೂ ಬರೆದವಳು ನಾನೇ, ವಾರದ ಅವಧಿಗಳೂ ಸಮ. ಅದೇ ಹುಡುಗ, ಅದೇ ಬೆಂಚು, ಅದೇ ಶಿಕ್ಷಕಿ. ಹಾಗಿದ್ದರೆ 7 ಮತ್ತು 1ರ ವ್ಯತ್ಯಾಸ ಎಲ್ಲಿಂದ ಬಂತು?

ಮರುದಿನ ವಿಜ್ಞಾನದ ಅವಧಿಯಲ್ಲಿ ಅವನನ್ನೇ ಗಮನಿಸಿದೆ. ನಾನು ಹೊಸ ಪದ ಹೇಳಿದಾಗಲೆಲ್ಲ ಪಕ್ಕದವನ ಕಡೆ ತಿರುಗಿ "ಹಂಗಂದ್ರೆ?" ಎಂದು ಕೇಳುತ್ತಿದ್ದ. ವಿಚಾರಿಸಿದಾಗ ತಿಳಿಯಿತು: 7ನೇ ತರಗತಿಯವರೆಗೆ ಅವನು ರಾಯಚೂರು ಕಡೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿದವನು. ಗಣಿತದಲ್ಲಿ ಚಿಹ್ನೆಗಳು ಅವನನ್ನು ದಾಟಿಸುತ್ತಿದ್ದವು. ವಿಜ್ಞಾನದಲ್ಲಿ ಪದಗಳೇ ಅಡ್ಡ ನಿಂತಿದ್ದವು. ನಾನು "ಗಲಾಟೆ" ಎಂದು ಬರೆದದ್ದು ಅವನ ಪ್ರಶ್ನೆಯನ್ನು.

ಕೈಗೊಂಡ ಕ್ರಮ

'ಬಲ ಮತ್ತು ಒತ್ತಡ' ಘಟಕದ ಉಳಿದ ಪಾಠಗಳಿಗೆ ಪಾಠಯೋಜನೆ ಬದಲಿಸಿದೆ. ಕಪ್ಪುಹಲಗೆಯ ಎಡಬದಿಯಲ್ಲಿ ಫೋರ್ಸ್–ಬಲ, ಪ್ರೆಷರ್–ಒತ್ತಡ, ಏರಿಯಾ–ವಿಸ್ತೀರ್ಣ ಎಂದು ಜೋಡಿ ಪದಗಳನ್ನು ಬರೆದೆ. ನೋಟ್ಸ್‌ಗೆ ಮೊದಲು ಎರಡು ನಿಮಿಷ ಜೊತೆಯವರೊಂದಿಗೆ ಮಾತನಾಡಲು ಬಿಟ್ಟೆ. ಪ್ಲಾಸ್ಟಿಕ್ ಬಾಟಲಿಗೆ ಬೇರೆ ಬೇರೆ ಎತ್ತರದಲ್ಲಿ ತೂತು ಮಾಡಿ ನೀರು ತುಂಬಿ ತೋರಿಸಿದಾಗ ಅವನೇ ಎದ್ದು ನಿಂತ: "ಮಿಸ್, ಬಿಲ್ಡಿಂಗ್‌ನಾಗ ಮ್ಯಾಲಿನ ಮಹಡಿಗೆ ನಳದ ನೀರು ಸಣ್ಣಗೆ ಬರ್ತದ. ಟ್ಯಾಂಕ್ ಹತ್ರ ಇರ್ತದಲ್ರಿ, ಅದಕ್ಕ." ಆಳ ಹೆಚ್ಚಿದಂತೆ ದ್ರವದ ಒತ್ತಡ ಹೆಚ್ಚುತ್ತದೆ ಎಂಬುದಕ್ಕೆ ನನ್ನ ಯೋಜನೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇರಲಿಲ್ಲ.

ಮುಂದಿನ ಎರಡು ವಾರಗಳಲ್ಲಿ ಅವನ ಬಗ್ಗೆ ವಿಜ್ಞಾನದಲ್ಲಿ ಒಂದೇ ದೂರು ಬರೆದೆ. ನಾನು ನೋಡುವ ರೀತಿ ಬದಲಾದದ್ದೂ ಇದಕ್ಕೆ ಕಾರಣವಿರಬಹುದು. ಪೋಷಕರ ಸಭೆಯಲ್ಲಿ ತರಗತಿ ಶಿಕ್ಷಕರ ಒಪ್ಪಿಗೆ ಪಡೆದು ಪಟ್ಟಿಯ ಬದಲು ನಳದ ನೀರಿನ ಉತ್ತರವನ್ನೇ ತಂದೆಗೆ ಹೇಳಿದೆ.

ಕಲಿತ ಅಂಶಗಳು

1. ಒಟ್ಟು ಸಂಖ್ಯೆ ಮಗುವಿಗೆ ಹಣೆಪಟ್ಟಿ ಹಚ್ಚುತ್ತದೆ. ವಿಷಯವಾರು ಸಂಖ್ಯೆ ಪಾಠದ ಕಡೆ ಬೆರಳು ತೋರಿಸುತ್ತದೆ.
2. ಹೋಲಿಸುವ ಮೊದಲು ಬರೆದವರು ಯಾರು, ಅವಧಿಗಳೆಷ್ಟು ಎಂದು ನೋಡಬೇಕು.
3. ತೀರ್ಪು ಬರೆಯದೆ ಕಂಡದ್ದನ್ನು ಬರೆಯಬೇಕು. "ಗಲಾಟೆ" ಬದಲು "ಹೊಸ ಪದ ಬಂದಾಗ ಪಕ್ಕದವನನ್ನು ಕೇಳಿದ" ಎಂದಿದ್ದರೆ ಮೊದಲ ವಾರವೇ ಕಾರಣ ತಿಳಿಯುತ್ತಿತ್ತು.
4. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ದೂರುಗಳ ಪಟ್ಟಿಯನ್ನು ಎಲ್ಲರೆದುರು ಓದುವ ಮೊದಲು ಇದು ನೆನಪಿರಬೇಕು.
5. ಒಳ್ಳೆಯದನ್ನೂ ನಮೂದಿಸಬೇಕು. ಆ ಹುಡುಗನ ಹೆಸರಿನಲ್ಲಿ ನಾನು ಬರೆದ ಕೊನೆಯ ಟಿಪ್ಪಣಿ: "ದ್ರವದ ಒತ್ತಡಕ್ಕೆ ಸ್ವಂತ ಉದಾಹರಣೆ ಕೊಟ್ಟ."